ಹೊತ್ತು ತಂದ ಮತ

ಆಂಬುಲೆನ್ಸಿನ ಹಿಂಬಾಗಿಲು ತೆರೆಯುವಷ್ಟರಲ್ಲಿ ಶಾಸನಸಭೆಯ ಎರಡನೆಯ ಗಂಟೆ ಬಾರಿಸಿತು. ಮೂರನೆಯದಕ್ಕೆ ಬಾಗಿಲು ಮುಚ್ಚುತ್ತಾರೆ.

"ಬೇಗ ಇಳಿಸಮ್ಮ. ಮೆರವಣಿಗೆ ಹೊರಟಿದೀಯಾ?" ಎಂದು ಸಚೇತಕ ಹಲ್ಲು ಕಡಿದ.

ನರ್ಸ್ ಗಾಲಿಕುರ್ಚಿಯನ್ನು ಕೆಳಗಿಳಿಸಿ, ಅದರಲ್ಲಿ ಮುದುರಿ ಕೂತಿದ್ದ ಹಿರಿಯ ಶಾಸಕರ ಕಾಲ ಮೇಲೆ ಕಂಬಳಿ ಸರಿಮಾಡಿದಳು.

ಆಳುವ ಪಕ್ಷದ ಶಾಸಕರನ್ನು ಕುರಿ ಎಣಿಸಿದಂತೆ ಎಣಿಸಿ ದೊಡ್ಡಿಗೆ ಸೇರಿಸುವುದು ಸಚೇತಕನ ಕೆಲಸ. ಇವತ್ತು ಒಂದು ಕುರಿ ಕಡಿಮೆ ಬಿದ್ದಿತ್ತು. ಬಡವರ ಆರೋಗ್ಯ ವಿಮೆಗೆ ಸರ್ಕಾರ ಕೊಡುತ್ತಿದ್ದ ಸಹಾಯಧನವನ್ನು ನಿಲ್ಲಿಸುವ ಮಸೂದೆ ಮತಕ್ಕೆ ಬರುವುದಿತ್ತು. ಎರಡೂ ಕಡೆ ಸಮಸಮ ಬಂದರೆ ಮಸೂದೆ ಬಿದ್ದಂತೆ. ಗೆಲ್ಲಿಸಿಕೊಟ್ಟರೆ ಮಂತ್ರಿ ಮಾಡುತ್ತೇನೆ, ಸೋತರೆ ಮುಂದಿನ ಸಲ ಟಿಕೆಟ್ಟನ್ನೂ ಮರೆತುಬಿಡು ಎಂದು ನಾಯಕರು ಹೇಳಿದ್ದರು. ಸಚೇತಕ ಮೊದಲರ್ಧವನ್ನು ಮಾತ್ರ ಕೇಳಿಸಿಕೊಂಡು, ಪ್ರಮಾಣವಚನಕ್ಕೆಂದು ಕೋಟು ಹೊಲಿಸಿ ಹೆಂಡತಿಯ ಹತ್ತಿರ ಬೈಸಿಕೊಂಡಿದ್ದ.

ಹಾಗಾಗಿ ಬೆಳಿಗ್ಗೆಯೇ ಆಸ್ಪತ್ರೆಗೆ ಓಡಿದ್ದ. ಸೊಂಟ ಮುರಿದುಕೊಂಡು ತಿಂಗಳುಗಟ್ಟಲೆಯಿಂದ ಅಲ್ಲಿದ್ದ ಹಿರಿಯರು ಮಾತಿಗೆ ಜನ ಬೇಕೆಂದು ಸಾಮಾನ್ಯ ವಾರ್ಡಿನಲ್ಲೇ ಇದ್ದರು. ಸಚೇತಕ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಒಳಗೆ ಬಂದಾಗ ಅವರು ಗಾಲಿಕುರ್ಚಿಯಲ್ಲಿ ಕೂತಿದ್ದರು.

"ಏಳೋಕಾಗಲ್ಲಪ್ಪ ನನಗೆ," ಎಂದರು ಹಿರಿಯರು.

"ಯಾರು ಏಳಿ ಅಂದ್ರು? ಇಬ್ಬರು ಕಂಕುಳಿಗೆ ಕೈ ಕೊಟ್ಟು ಎತ್ತಿ ಹಿಡೀತೀವಿ. ಎಣಿಸೋ ತನಕ ನೆಟ್ಟಗಿದ್ರೆ ಸಾಕು."

"ಬರಲ್ಲ ಅಂದ್ರೆ?"

"ಬರದಿದ್ರೂ ಸದಸ್ಯತ್ವ ಹೋಗುತ್ತೆ. ಬಂದು ಆ ಕಡೆ ಮತ ಹಾಕಿದ್ರೂ ಹೋಗುತ್ತೆ. ನಿಮಗೆ ನಾನು ನಿಯಮ ಹೇಳಿಕೊಡಬೇಕಾ ಅಣ್ಣ?"

ಹಿರಿಯರು ಪಕ್ಕದ ಹಾಸಿಗೆ ನೋಡಿದರು. ಬಸ್ಸು ತೊಳೆಯುವವನೊಬ್ಬ ಮೂತ್ರಪಿಂಡ ಕೆಟ್ಟು ಮಲಗಿದ್ದ. "ಇವನ ಚಿಕಿತ್ಸೆ ಆ ವಿಮೆ ಮೇಲೇ ನಡೀತಿದೆ. ನಿಂತ್ರೆ ಇವನ ಕಥೆ ಮುಗೀತು."

"ಬಿಟ್ಟಿ ಹಾಸಿಗೆ ಸಿಕ್ಕಿದ್ರೆ ಯಾರಿಗೆ ತಾನೆ ರೋಗ ಬರಲ್ಲ?" ಎಂದ ಸಚೇತಕ. ದನಿ ತಗ್ಗಿಸುವ ಗೋಜಿಗೂ ಹೋಗಲಿಲ್ಲ. ಬಸ್ಸು ತೊಳೆಯುವವನು ಗೋಡೆಯ ಕಡೆಗೆ ಹೊರಳಿಕೊಂಡ.

ಡಾಕ್ಟರು ಏನೋ ಹೇಳಲು ಬಾಯಿ ತೆರೆದರು. "ಉಸಿರಾಡ್ತಿದಾರಲ್ಲ, ನಮಗೆ ಅಷ್ಟು ಸಾಕು," ಎಂದು ಸಚೇತಕ ಅವರ ಬಾಯಿ ಮುಚ್ಚಿಸಿದ.

ಈಗ ಒಳಗೆ ಚರ್ಚೆ ಎಂಬ ಹೆಸರಿನ ಕಂಠಶೋಷಣೆ ಕೊನೆಯ ಹಂತಕ್ಕೆ ಬಂದಿತ್ತು. ಬಾಯಿತುಂಬ ಸರ್ಕಾರಿ ಖರ್ಚಿನ ಹಲ್ಲು ಕಟ್ಟಿಸಿಕೊಂಡಿದ್ದ ಶಾಸಕರೊಬ್ಬರು ಸಹಾಯಧನದಿಂದ ಬಡವರು ಸೋಮಾರಿಗಳಾಗುತ್ತಾರೆಂದು ಅದೇ ಹಲ್ಲುಗಳಿಂದ ನುಡಿದರು. ವಿರೋಧ ಪಕ್ಷದವರು ಬಡವರಿಗಾಗಿ ಕಣ್ಣೀರಿಟ್ಟರು. ಕ್ಯಾಮೆರಾ ಬೇರೆ ಕಡೆ ತಿರುಗಿದೊಡನೆ ಒರೆಸಿಕೊಂಡರು. ತಾವು ಆಳುತ್ತಿದ್ದಾಗ ಇದೇ ಮಸೂದೆಯನ್ನು ತಾವೇ ಬರೆದಿದ್ದೆವೆಂಬುದು ಅವರಲ್ಲಿ ಯಾರಿಗೂ ನೆನಪಿರಲಿಲ್ಲ.

ಹಿರಿಯರ ಕುರ್ಚಿ ಒಳಗೆ ಬಂದಾಗ ಆಳುವ ಪಕ್ಷದವರು ಮೇಜು ಕುಟ್ಟಿದರು. ನರ್ಸ್‌ಗೆ ಬಾಗಿಲ ಬಳಿ ನಿಲ್ಲಲು ಅಪ್ಪಣೆ ಸಿಕ್ಕಿತು; ಕೂರಲು ಅಲ್ಲ.

"ಪರವಾಗಿರುವವರು ಎದ್ದು ನಿಲ್ಲಿ," ಎಂದರು ಸಭಾಧ್ಯಕ್ಷರು.

ಸಚೇತಕ ಒಂದು ಕಡೆಯಿಂದ, ಹಲ್ಲಿನ ಶಾಸಕರು ಇನ್ನೊಂದು ಕಡೆಯಿಂದ ಕಂಕುಳಿಗೆ ಕೈ ಹಾಕಿದರು. ಎರಡು ಗೇಣು ಎತ್ತಿದ್ದರೋ ಇಲ್ಲವೋ, ಹಿರಿಯರು ಛಾವಣಿ ಹಾರಿಹೋಗುವಂತೆ ಚೀರಿದರು. ಕಾಲುಗಳು ಬತ್ತಿಯಂತೆ ನೇತಾಡಿದವು. ಇಬ್ಬರ ಕೈಯಿಂದಲೂ ನುಣುಚಿ ಮೂಟೆಯ ಹಾಗೆ ಕುರ್ಚಿಗೆ ಬಿದ್ದರು.

"ಇನ್ನೊಂದ್ಸಲ, ಅಣ್ಣ," ಎಂದು ಸಚೇತಕ ಕಿವಿಯಲ್ಲಿ ಪಿಸುಗುಟ್ಟಿದ. "ಹಲ್ಲು ಕಚ್ಚಿಕೊಳ್ಳಿ."

ಇನ್ನೊಂದು ಸಲವೂ ಅದೇ ಚೀರಾಟ. ವಿರೋಧ ಪಕ್ಷದವರು ಬೆಂಚು ಹತ್ತಿದರು. "ಬಿಡಿ ಸಾರ್ ಅವರನ್ನ, ಮೂಳೆ ಮತ್ತೆ ಮುರಿದ್ರೆ ಯಾರು ಹೊಣೆ?" ಎಂದು ನರ್ಸ್ ಬಾಗಿಲಿನಿಂದಲೇ ಗದರಿದಳು. ಸಭಾಧ್ಯಕ್ಷರು ತಲೆ ಚಚ್ಚಿಕೊಂಡರು. "ಕೂರಿಸ್ರಿ ಅವರನ್ನ. ನಿಂತಿರುವವರನ್ನಷ್ಟೇ ಎಣಿಸಿ."

ಎಣಿಸಿದರು. ಸಮಸಮ. ಮಸೂದೆ ಬಿತ್ತು.

ನಾಯಕರು ಮೊಗಸಾಲೆಯಲ್ಲಿ ಸಚೇತಕನ ಮುಂದೆ ಒಂದು ಕ್ಷಣ ನಿಂತರು. "ಮತ ತಗೊಂಡು ಬಾ ಅಂದ್ರೆ ಹೆಣ ಹೊತ್ತುಕೊಂಡು ಬಂದಿದೀಯಲ್ಲೋ," ಎಂದು ಹೇಳಿ ಹೊರಟುಹೋದರು. ಮಂತ್ರಿಗಿರಿಯೂ ಟಿಕೆಟ್ಟೂ ಅವರ ಹಿಂದೆಯೇ ಹೋದವು.

ಸಚೇತಕನಿಗೆ ಮೈಯೆಲ್ಲ ಉರಿಯಿತು. ಹಿರಿಯರತ್ತ ತಿರುಗಿದ. "ಒಂದು ನಿಮಿಷ. ಒಂದೇ ಒಂದು ನಿಮಿಷ ನಿಲ್ಲೋಕಾಗಲಿಲ್ವಾ ನಿಮಗೆ?"

"ನೀನೇ ಎತ್ತಿ ನೋಡಿದೆಯಲ್ಲಪ್ಪ," ಎಂದರು ಹಿರಿಯರು ನರಳುತ್ತ.

ಅಷ್ಟರಲ್ಲಿ ವರದಿಗಾರರು ಮುತ್ತಿದರು. ಹಿರಿಯರು ಬೇಕೆಂದೇ ನಿಲ್ಲಲಿಲ್ಲವೇ, ಅವರ ಮೇಲೆ ಕ್ರಮ ಉಂಟೇ ಎಂದು ಕೇಳಿದರು. ತನ್ನ ತಲೆ ಉಳಿಸಿಕೊಳ್ಳಬೇಕಿದ್ದ ಸಚೇತಕ ಮುಖಕ್ಕೆ ಮರುಕ ಬಳಿದುಕೊಂಡ. "ಎಂಥ ಮಾತು? ಅವರ ಕಾಲಲ್ಲಿ ಚೂರೂ ತ್ರಾಣ ಇಲ್ಲ. ನಾನೇ ಸಾಕ್ಷಿ, ಬರೆದುಕೊಳ್ಳಿ." ಅವರು ಬರೆದುಕೊಂಡರು.

ಅವರು ಅತ್ತ ಹೋದೊಡನೆ ಆಂಬುಲೆನ್ಸನ್ನು ವಾಪಸು ಕಳಿಸಿದ. ಕೆಲಸಕ್ಕೆ ಬಾರದ ಮುದುಕನಿಗೆ ಸರ್ಕಾರದ ಡೀಸೆಲ್ ಏಕೆ ಸುಡಬೇಕು? ಆಸ್ಪತ್ರೆ ಎರಡು ಬೀದಿ ಆಚೆ, ಏರು ಹತ್ತಿದರೆ ಆಯಿತು. ಆ ಗಯ್ಯಾಳಿ ನರ್ಸ್ ತಳ್ಳಿಕೊಂಡು ಹೋಗಲಿ. ತನ್ನ ಕೋಣೆಗೆ ಬಂದು, ಟೈ ಸಡಿಲಿಸಿ, ಗಾಳಿಗೆಂದು ಕಿಟಕಿ ತೆರೆದ.

ಕೆಳಗಿನ ಏರುರಸ್ತೆಯಲ್ಲಿ, ಬೆಳಗಿನಿಂದ ನಿಂತು ನಿಂತು ಸೋತಿದ್ದ ನರ್ಸ್ ಗಾಲಿಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದಳು. ಹಿರಿಯರು ಏನೋ ಹರಟುತ್ತ ಅವಳನ್ನು ತಳ್ಳಿಕೊಂಡು ಹೋಗುತ್ತಿದ್ದರು.