ಸುದ್ದಿ ಕರೆತಂದ ನೆಂಟರು

ಚುನಾವಣೆ ಬಂತೆಂದರೆ ಹುಬ್ಬಳ್ಳಿಯ ಸಾವಂತ್ರೆವ್ವನಿಗೆ ಎಲ್ಲಿಲ್ಲದ ಹಿಗ್ಗು. ಟಿವಿಯವರು ಯಾರನ್ನು ತೋರಿಸಿ ಹೆದರಿಸುತ್ತಾರೋ ಅವರು ಪರದೆಯಿಂದಿಳಿದು ನೇರ ಮನೆಗೇ ಬಂದುಬಿಡುವ ಕಾಲವದು. ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಹಾಡುವವರಿಲ್ಲದೆ ಮನೆ ಬಿಕೋ ಎನ್ನುತ್ತಿತ್ತು. ಅವಳು ಟಿವಿ ಹಚ್ಚಿದಳು.

“ಮತ ತಪ್ಪಿದರೆ ಈ ಕಪ್ಪು ಜನ ನಿಮ್ಮ ಮನೆಗೇ ನುಗ್ಗುತ್ತಾರೆ!” ನಿರೂಪಕ ಅರಚಿದ. ಯಲ್ಲಾಪುರದ ಸಿದ್ದಿ ಹೆಂಗಸು ಕಾತರೀನಾ, ಹೆಗಲಿಗೆ ಡಮಾಮಿ ಡೋಲು ಹೊತ್ತು ಪರದೆಯಿಂದ ಇಳಿದಳು.

“ಬೆಳಗ್ಗಿಂದ ಮನಿ ಮನಿ ಚಾ ಕುಡದು ಸಾಕಾಗೇತಿ ಯವ್ವಾ,” ಎನ್ನುತ್ತಲೇ ತೊಟ್ಟಿಲಿಗೆ ಇಣುಕಿ ನಕ್ಕಳು. “ನಾ ಬಾರಸ್ತೀನಿ. ಕುಣಿಯೋರ‍್ಯಾರು?”

“ತಡಿಯವ್ವಾ, ‘ಹಿಂಡು ಹಿಂಡಾಗಿ ಬರ್ತಾರ’ ಅಂತ ಅಂವ ಇನ್ನೂ ಅಂದಿಲ್ಲ.”

ಸಾವಂತ್ರೆವ್ವ ಟಿವಿಯ ದನಿ ಏರಿಸಿ, ಹೋಳಿಗೆಗೆ ಇನ್ನಷ್ಟು ಕಣಕ ನಾದಲು ಕೂತಳು.