ಏಳು ವರ್ಷದ ಬೀಗ

ಆಸ್ಪತ್ರೆಯ ಕಂಪ್ಯೂಟರಿನಲ್ಲಿ ದಾಖಲಾದದ್ದನ್ನೆಲ್ಲ ದಿನಕ್ಕೊಮ್ಮೆ ನಕಲು ತೆಗೆದು ಬ್ಯಾಕಪ್ ಭಂಡಾರದಲ್ಲಿ ಜೋಪಾನ ಮಾಡುವುದು ನೀಲಾಂಬಿಕೆಯ ಕೆಲಸ. ಆ ಬೆಳಿಗ್ಗೆ ವ್ಯವಸ್ಥಾಪಕರು ಬಾಗಿಲು ದೂಡಿಕೊಂಡು ಬಂದು ಅವಳ ಮೇಜಿನ ಮುಂದೆ ನಿಂತರು.

“ಮಂಗಳವಾರದ ನಕಲು ಅಳಿಸಿಬಿಡು.”

ಮಂಗಳವಾರ ಆಕ್ಸಿಜನ್ ನಿಂತು ರೋಗಿಯೊಬ್ಬರು ತೀರಿಕೊಂಡಿದ್ದರು. ಕೊಳವೆ ಸೋರುತ್ತಿದೆಯೆಂದು ನರ್ಸ್ ಕಸ್ತೂರಿ ಮೂರು ಸಲ ಬರೆದಿದ್ದ ದೂರು ಈಗ ಮೂಲ ದಾಖಲೆಯಲ್ಲಿ ಇರಲಿಲ್ಲ; ಅವಳನ್ನೇ ಪೊಲೀಸರಿಗೆ ಒಪ್ಪಿಸುವ ಮಾತು ನಡೆದಿತ್ತು. ದೂರು ಉಳಿದಿದ್ದದ್ದು ಆ ನಕಲಿನಲ್ಲಿ ಮಾತ್ರ. ನೀಲಾಂಬಿಕೆ ಉಪವಾಸವಿರುವ ಸೋಮವಾರಗಳಂದು ಮಾತಿಲ್ಲದೆ ಎರಡು ಬಾಳೆಹಣ್ಣು ಇಟ್ಟು ಹೋಗುತ್ತಿದ್ದವಳು ಕಸ್ತೂರಿ.

“ಆಗೂದಿಲ್ಲ ಸರ್. ಅದಕ್ಕ ಬೀಗ ಬಿದ್ದೈತಿ.”

“ಗೆಳತಿ ಸಲುವಾಗಿ ನಾಟಕ ಹಚ್ಚೀಯೇನು? ಏಳು, ನಾನ ಅಳಿಸ್ತೀನಿ.”

ಅವಳು ಎದ್ದು ಕುರ್ಚಿ ಬಿಟ್ಟುಕೊಟ್ಟಳು. ಪಾಸ್‌ವರ್ಡನ್ನೂ ಹೇಳಿದಳು. ಅವರು ನಾಲ್ಕು ಸಲ ಒತ್ತಿದರು. ನಾಲ್ಕು ಸಲವೂ ಪರದೆಯ ಮೇಲೆ ಅದೇ ಉತ್ತರ ಬಂತು: ಏಳು ವರ್ಷ ಇದನ್ನು ಯಾರೂ ಅಳಿಸುವಂತಿಲ್ಲ.

“ಬೀಗ ತೆಗಿ.”

“ಅದಕ್ಕ ಕೀಲೀನ ಇಲ್ರಿ. ಹಾಕಿದವರ ಕೈಲೂ ಆಗೂದಿಲ್ಲ.”

“ಇಂಥಾ ಬೀಗ ಹಾಕಿಸಿದ ಮೂರ್ಖ ಯಾರು? ಇವತ್ತ ಅವನ್ನ ಮನಿಗೆ ಕಳಸ್ತೀನಿ.”

ನೀಲಾಂಬಿಕೆ ಕಡತದಿಂದ ಎರಡು ವರ್ಷ ಹಿಂದಿನ ಆದೇಶವೊಂದನ್ನು ತೆಗೆದು ಅವರ ಮುಂದಿಟ್ಟಳು. “ನೀಲಾಂಬಿಕೆ ನಂಬಿಕೆಗೆ ಅರ್ಹಳಲ್ಲ, ಅವಳು ಏನನ್ನೂ ಅಳಿಸದಂತೆ ಭಂಡಾರ ಸೇರುವ ಪ್ರತಿ ನಕಲಿಗೂ ಏಳು ವರ್ಷದ ಬೀಗ ಹಾಕತಕ್ಕದ್ದು” ಎಂಬ ಸಾಲಿನ ಕೆಳಗೆ ಅವರದೇ ಸಹಿ ಇತ್ತು.