ಉಪ್ಪು ನೋಡಲು ಹೋದ ಚಂಪವ್ವ

ಸಕ್ಕರೆ, ಮೈದಾ, ಎಣ್ಣೆ, ಬಿಳಿ ಅಕ್ಕಿಯನ್ನು ನಲವತ್ತು ದಿನ ಮುಟ್ಟದವರು ಹಗುರಾಗಿ ಮೇಲೇಳುವುದು ಧಾರವಾಡದಲ್ಲಿ ಈಗ ಹೊಸದೇನಲ್ಲ. ಚಂಪವ್ವನ ಓಣಿಯಲ್ಲೇ ಮೂವರು ಹಾಗೆ ತೇಲಿ ತೆಂಗಿನಕಾಯಿ ಕೀಳುತ್ತಾರೆ.

ಮೊಣಕಾಲು ನೋವಿನ ಚಂಪವ್ವ ಮಾಳಿಗೆ ಹತ್ತಿ ಆರು ವರ್ಷವಾಗಿತ್ತು. ಆರು ಬೇಸಿಗೆಯೂ ಸೊಸೆ ಇಟ್ಟ, ಉಪ್ಪು ಹದವಿಲ್ಲದ ಸಂಡಿಗೆ ತಿಂದು ಅವಳಿಗೆ ಸಾಕಾಗಿತ್ತು. ಈ ಸಲ ಹಿಟ್ಟಿನ ಉಪ್ಪು ನೋಡಲು ತಾನೇ ಮಾಳಿಗೆಗೆ ಹೋಗುವುದೆಂದು ಹಟ ಹಿಡಿದಳು. ಡಬ್ಬಿಯಲ್ಲಿದ್ದ ಬೇಸನ್ ಉಂಡೆಗಳನ್ನು ಪಕ್ಕದ ಮನೆಗೆ ಕೊಟ್ಟು, ನೆನೆಸಿದ ಹೆಸರುಕಾಳು, ಜೋಳದ ರೊಟ್ಟಿ, ಸೌತೆಕಾಯಿಯಲ್ಲೇ ದಿನ ಕಳೆದಳು. ಮೊಮ್ಮಗಳ ಹುಟ್ಟುಹಬ್ಬದ ಕೇಕನ್ನು ಮೂಸಿ ನೋಡಿ ಬಿಟ್ಟಳು.

ನಲವತ್ತೊಂದನೆಯ ಬೆಳಿಗ್ಗೆ ಅಂಗಳದಿಂದ ಮೆಲ್ಲಗೆ ಎದ್ದು, ಕಿಟಕಿ ದಾಟಿ, ಮಾಳಿಗೆಯ ಮೇಲೆ ಗೇಣೆತ್ತರದಲ್ಲಿ ತೇಲಿ ನಿಂತಳು. ಸೊಸೆ ಸುನಂದಾ ಹಿಟ್ಟಿನ ಪಾತ್ರೆ ಮುಂದಿಟ್ಟಳು. ಚಂಪವ್ವ ಹಳೆಯ ರೂಢಿಯಂತೆ ಬೆರಳದ್ದಿ ನೆಕ್ಕಿದಳು. ಮರುಕ್ಷಣವೇ ಧೊಪ್ಪೆಂದು ಕೂತಳು.

“ಅತ್ತಿ, ಅದು ಬಿಳಿ ಅಕ್ಕಿ ಹಿಟ್ಟಲ್ಲೇನ್ರಿ? ಇನ್ನ ಕೆಳಗ ಹ್ಯಾಂಗ ಇಳೀತೀರಿ?”

ಚಂಪವ್ವ ಬಿಸಿಲಿಗೆ ಕಾಲು ಚಾಚಿ, ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಇನ್ನ ನಲವತ್ತ ದಿನ ಇಲ್ಲೇ ಇರ್ತೀನಿ. ಹಾಸಿಗಿ, ಹೆಸರುಕಾಳು ಎಲ್ಲಾ ಮ್ಯಾಲ ತಾ. ಅದಕ್ಕೂ ಮೊದಲ ಉಪ್ಪು ತಾ. ಹಿಟ್ಟಿಗೆ ಕಡಿಮಿ ಆಗೈತಿ.”